ಅಂಗೈಯ ಲಿಂಗವೂ ಮಠದ ಬಾಗಿಲೂ

ನಂಜನಗೂಡಿಗೆ ಅನತಿದೂರದಲ್ಲಿರುವ ಕಳಲೆಯು ಮೈಸೂರಿನ ಇತಿಹಾಸದಲ್ಲಿ ದಳವಾಯಿಗಳ ಊರೆಂದೇ ಪ್ರಸಿದ್ಧವಾದುದು. ಊರಿನ ಹೆಸರುವಾಸಿಯಾದ ದೇವಾಲಯವು ಲಕ್ಷ್ಮೀಕಾಂತಸ್ವಾಮಿಯದು. ಆದರೆ ಅದೇ ಊರಿನ ಅರಸು ಮನೆತನಕ್ಕೆ ಸೇರಿ, 18ನೆಯ ಶತಮಾನದ ನಡುಭಾಗದಲ್ಲಿ ಮೈಸೂರು ರಾಜ್ಯದ ಅಧಿಕಾರಸೂತ್ರವನ್ನು ಕೈಯಲ್ಲಿ ಹಿಡಿದಿದ್ದ ಕಳಲೆ ನಂಜರಾಜನ ಮನಸ್ಸು ಒಲಿದುದು ನಂಜುಂಡೇಶ್ವರನಿಗೆ. ಶಿವಭಕ್ತರ ಚರಿತ್ರೆಯನ್ನೂ ಶಿವಕ್ಷೇತ್ರಗಳ ಮಹಿಮೆಯನ್ನೂ ಹೇಳುವ ಹಲವು ಕೃತಿಗಳು ಅವನ ಹೆಸರಿನಲ್ಲಿ ಉಳಿದಿವೆ. ಹೈದರಾಲಿಯ ಏಳಿಗೆಯೊಡನೆ ಅವನ ಅಧಿಕಾರವು ಅಳಿಯಿತು; 1773ರಲ್ಲಿ ಅವನೂ ಅಳಿದನು. ಅಧಿಕಾರದ ಕಥೆಯನ್ನು ಇಂದು ಇತಿಹಾಸದ ವಿದ್ಯಾರ್ಥಿಗಳಷ್ಟೇ ಓದುತ್ತಾರೆ, ಅದೂ ಪರೀಕ್ಷೆಗಾಗಿ. ಭಕ್ತಿಯ ಕೃತಿಗಳು ಸಾಹಿತ್ಯಚರಿತ್ರೆಯಲ್ಲಿ ಸ್ಥಾನ ಪಡೆದಿವೆ. ಹೈದರನ ಮಗನಾದ ಟಿಪ್ಪುವು ಅದೇ ನಂಜುಂಡೇಶ್ವರನಿಗೆ ಪಚ್ಚೆಯ ಲಿಂಗವನ್ನು ಅರ್ಪಿಸಿದನೆಂದೂ, ತನ್ನ ಆನೆಯ ಕಣ್ಣಿನ ಬೇನೆ ಗುಣವಾದುದರಿಂದ ದೇವರನ್ನು ‘ಹಕೀಂ ನಂಜುಂಡ’ನೆಂದು ಕರೆದನೆಂದೂ ಪ್ರತೀತಿಯಿದೆ. ಊರ ದೇವರು ಯಾರು, ಹುಟ್ಟಿದ ಮತ ಯಾವುದು ಎಂಬುದನ್ನು ನೋಡಿಕೊಂಡು ಭಕ್ತಿಯು ಹುಟ್ಟುವುದಿಲ್ಲ ಎಂಬುದಕ್ಕೆ ಕಪಿಲೆಯ ದಂಡೆಯಲ್ಲಿಯೇ ಇಂತಹ ಸಾಕ್ಷ್ಯಗಳಿವೆ.

ಹಾಗಾದರೆ ಮತವೇಕೆ, ಮಠವೇಕೆ? ಒಬ್ಬೊಬ್ಬನ ಶ್ರದ್ಧೆಯು ಅವನವನ ಅಂತರಂಗದ ವಿಷಯವಾಗಿರುವಾಗ ಪೀಠ, ಪರಂಪರೆ, ದೀಕ್ಷೆ, ಜಾತ್ರೆ, ಪಟ್ಟಾಭಿಷೇಕ ಇವೆಲ್ಲದರ ಹಂಗು ಏತಕ್ಕೆ? ಈ ಪ್ರಶ್ನೆಯನ್ನು ಇಂದಿನ ತರುಣರು ಬಹಿರಂಗವಾಗಿಯೇ ಕೇಳುತ್ತಿದ್ದಾರೆ. ಮಠದ ಶಾಲೆಯಲ್ಲಿ ಓದಿ, ಮಠದ ಪ್ರಸಾದನಿಲಯದಲ್ಲಿ ಉಂಡು ಬೆಳೆದವರೂ ಕೇಳುತ್ತಾರೆ. ಕೇಳುವವರನ್ನು ಕೃತಘ್ನರೆಂದು ಜರೆಯುವುದು ಸುಲಭ. ಆದರೆ ಜರೆದುದರಿಂದ ಪ್ರಶ್ನೆಗೆ ಉತ್ತರ ದೊರೆಯಲಾರದು. ಮಠವೇ ನಡೆಸುವ ಶಾಲೆಯೊಂದರ ಸಂಚಿಕೆಯಲ್ಲಿ ಈ ಪ್ರಶ್ನೆಯನ್ನು ಎತ್ತಿಕೊಳ್ಳದಿದ್ದರೆ ಅದನ್ನು ಎತ್ತಿಕೊಳ್ಳಲು ಬೇರೆ ಯೋಗ್ಯವಾದ ಸ್ಥಳವಾದರೂ ಯಾವುದು?

ಈ ಪ್ರಶ್ನೆಯು ಹೊಸದಲ್ಲ. 12ನೆಯ ಶತಮಾನದ ಶರಣರು ಇಷ್ಟಲಿಂಗವನ್ನು ಪ್ರತಿಯೊಬ್ಬನ ಅಂಗದ ಮೇಲೆ ತಂದಿರಿಸಿದಾಗ ಅವರು ಎತ್ತಿದ ಪ್ರಶ್ನೆಯೂ ಇದೇ ಆಗಿತ್ತು. ಸ್ಥಾವರ ದೇವಾಲಯವೆಂದರೆ ಅದಕ್ಕೊಂದು ಬಾಗಿಲು. ಬಾಗಿಲೆಂದರೆ ಅದಕ್ಕೊಂದು ಕೀಲಿ. ಕೀಲಿಯೆಂದ ಮೇಲೆ ಅದನ್ನು ಹಿಡಿದುಕೊಂಡವನೊಬ್ಬನು ಇರಲೇಬೇಕು. ಯಾರು ಗರ್ಭಗುಡಿಯವರೆಗೆ ಬರಬಹುದು, ಯಾರು ಧ್ವಜಸ್ತಂಭದ ಬಳಿ ನಿಲ್ಲಬೇಕು, ಯಾರು ಊರಾಚೆಯಿಂದಲೇ ಕೈಮುಗಿಯಬೇಕು ಎಂಬುದನ್ನು ಅವನು ನಿರ್ಣಯಿಸುತ್ತಾನೆ. ಲಿಂಗವು ಅಂಗೈಗೆ ಬಂದೊಡನೆ ಈ ಬಾಗಿಲೇ ಇಲ್ಲವಾಯಿತು. ಬೆಳಗಿನ ಜಾವದಲ್ಲಿ ಎದ್ದು, ಮಿಂದು, ಶಿವದಾರದಿಂದ ಕರಡಿಗೆಯನ್ನು ಬಿಡಿಸಿ, ಎಡದ ಅಂಗೈಯಲ್ಲಿ ಲಿಂಗವನ್ನಿರಿಸಿಕೊಂಡು ವಿಭೂತಿ ಧರಿಸಿ ಕುಳಿತ ಒಕ್ಕಲಿಗನಿಗೂ ದೇವರಿಗೂ ನಡುವೆ ಒಂದು ಗೇಣಿನ ಅಂತರವಿತ್ತು. ಆ ಅಂತರದಲ್ಲಿ ಮೂರನೆಯವನು ನಿಲ್ಲುವುದಕ್ಕೆ ಸ್ಥಳವಿರಲಿಲ್ಲ. ಹೆಂಗಸಿಗೂ ಇದೇ ಲಿಂಗ, ಗಂಡಸಿಗೂ ಇದೇ ಲಿಂಗ. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಸಮಗಾರ ಹರಳಯ್ಯ, ಮಾದಾರ ಚೆನ್ನಯ್ಯ ಮುಂತಾದ ಶರಣರ ಹೆಸರಿನೊಡನೆಯೇ ಅವರ ಕಸುಬು ಅಂಟಿಕೊಂಡಿರುವುದು ಅಲ್ಲಿಗೆ ಯಾರು ಯಾರು ಬಂದಿದ್ದರೆಂಬುದನ್ನು ತಿಳಿಸುತ್ತದೆ. ಭಾರತದ ಮತಗಳ ಚರಿತ್ರೆಯಲ್ಲಿ ವೈಯಕ್ತಿಕ ಶ್ರದ್ಧೆಗೆ ಇಷ್ಟು ಸ್ಪಷ್ಟವಾದ, ಕೈಯಲ್ಲಿ ಹಿಡಿಯಬಹುದಾದ ರೂಪ ದೊರೆತುದು ವಿರಳ.

ಆದರೆ ಇಲ್ಲಿಯೇ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಇಷ್ಟಲಿಂಗವನ್ನು ಯಾರೂ ಅಂಗಡಿಯಿಂದ ಕೊಂಡುತಂದು ತಾವೇ ಕಟ್ಟಿಕೊಳ್ಳುವುದಿಲ್ಲ. ಅದನ್ನು ಗುರುವು ಶಿಷ್ಯನ ತಲೆಯ ಮೇಲೆ ಕೈಯಿರಿಸಿ, ಕಿವಿಯಲ್ಲಿ ಮಂತ್ರವನ್ನು ಹೇಳಿ, ಅಂಗೈಗೆ ನೀಡುತ್ತಾನೆ. ಅತ್ಯಂತ ಏಕಾಂತದ್ದೆನಿಸಿದ ಪೂಜೆಯು ಕೂಡ ಇನ್ನೊಬ್ಬನ ಕೈಯಿಂದ ಬಂದುದು. ಆ ಇನ್ನೊಬ್ಬನಿಗೆ ಮತ್ತೊಬ್ಬನು ಕೊಟ್ಟಿದ್ದನು. ಹೀಗೆ ಕೈಯಿಂದ ಕೈಗೆ ಸಾಗಿಬರುವುದಕ್ಕೆ ಒಂದು ನೆಲೆ ಬೇಕು, ಒಂದು ಕ್ರಮ ಬೇಕು, ಬರಗಾಲದಲ್ಲಿಯೂ ದಂಗೆಯ ಕಾಲದಲ್ಲಿಯೂ ಅದನ್ನು ಕಾಯುವವರು ಬೇಕು. ಕಲ್ಯಾಣದ ವಿಪ್ಲವದ ತರುವಾಯ ಶರಣರು ದಿಕ್ಕುದಿಕ್ಕಿಗೆ ಚೆದುರಿದರು. ಅವರ ವಚನಗಳು ಉಳಿದುಬಂದ ಬಗೆಯನ್ನು ನೋಡಿದರೆ ಸಂಸ್ಥೆಯೆಂಬುದು ಏಕೆ ಬೇಕಾಯಿತೆಂಬುದು ತಿಳಿಯುತ್ತದೆ. ವಿಜಯನಗರದ ಪ್ರೌಢದೇವರಾಯನ ಕಾಲದ ವಿರಕ್ತರು, ಆಮೇಲೆ ಎಡೆಯೂರಿನ ತೋಂಟದ ಸಿದ್ಧಲಿಂಗ ಯತಿಗಳು ಮತ್ತು ಅವರ ಶಿಷ್ಯಸಮೂಹ ವಚನಗಳನ್ನು ಕೂಡಿಸಿ, ಪ್ರತಿಮಾಡಿ, ಟೀಕೆ ಬರೆದು ಉಳಿಸಿದರು. ಆ ಓಲೆಗರಿಯ ಕಟ್ಟುಗಳು ಮಠಗಳಲ್ಲಿಯೂ ಮನೆಗಳಲ್ಲಿಯೂ ಜೋಪಾನವಾಗಿದ್ದವು. ಅನೇಕ ಕಡೆ ಅವುಗಳನ್ನು ಓದುತ್ತಿರಲಿಲ್ಲ, ಬಟ್ಟೆಯಲ್ಲಿ ಸುತ್ತಿ ಹೂವೇರಿಸಿ ಪೂಜಿಸುತ್ತಿದ್ದರು. ಬಿಜಾಪುರದ ವಕೀಲರಾದ ಫ. ಗು. ಹಳಕಟ್ಟಿಯವರು ಊರೂರು ಅಲೆದು ಅವುಗಳನ್ನು ಸಂಗ್ರಹಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಅಚ್ಚುಮಾಡಿಸಿದ ಮೇಲೆಯೇ ಸಾಮಾನ್ಯ ಕನ್ನಡಿಗನ ಕೈಗೆ ವಚನಗಳು ಬಂದುವು. ಪೂಜೆಗೆಂದು ಇಟ್ಟುಕೊಂಡವರು ಇಲ್ಲದಿದ್ದರೆ ಓದಬಯಸಿದವರಿಗೆ ಏನು ದೊರೆಯುತ್ತಿತ್ತು? ಆಡಂಬರದ ಪೂಜೆಯನ್ನು ಖಂಡಿಸುವ ಮಾತುಗಳನ್ನು ಪೂಜೆಯೇ ಕಾಪಾಡಿಕೊಂಡು ಬಂದಿತೆಂಬುದು ಚರಿತ್ರೆಯ ವಿನೋದಗಳಲ್ಲೊಂದು.

ಪಾಶ್ಚಾತ್ಯ ಜಗತ್ತಿನಲ್ಲಿಯೂ ಈ ವಿಚಾರವು ಹೀಗೆಯೇ ತೊಡಕಾಗಿದೆ. ಅಮೆರಿಕದ ತತ್ತ್ವಜ್ಞಾನಿ ವಿಲಿಯಂ ಜೇಮ್ಸ್ ಎಡಿನ್‌ಬರೋ ವಿಶ್ವವಿದ್ಯಾನಿಲಯದಲ್ಲಿ ನೀಡಿದ ಉಪನ್ಯಾಸಗಳು 1902ರಲ್ಲಿ ಗ್ರಂಥವಾಗಿ ಬಂದುವು. ಸಾಂಸ್ಥಿಕ ಧರ್ಮವನ್ನೂ ವೈಯಕ್ತಿಕ ಧರ್ಮವನ್ನೂ ಆತನು ಅಲ್ಲಿ ಬೇರ್ಪಡಿಸಿ, ಮೊದಲನೆಯದನ್ನು ಬದಿಗಿರಿಸಿ, ಎರಡನೆಯದನ್ನೇ ತನ್ನ ವಿಷಯವನ್ನಾಗಿ ಮಾಡಿಕೊಂಡನು. ಒಬ್ಬಂಟಿ ಮನುಷ್ಯನ ಅನುಭವವೇ ಮೂಲ, ಚರ್ಚೂ ಪಾದ್ರಿಯೂ ಆಮೇಲೆ ಬಂದವು ಎಂಬುದು ಅವನ ನಿಲುವು. ವಿದ್ವತ್ತಿನಿಂದಲೂ ಸಹಾನುಭೂತಿಯಿಂದಲೂ ತುಂಬಿದ ಗ್ರಂಥವದು. ಆದರೆ ಈ ಸಂಚಿಕೆಯ ದಾನಿವರ್ಗಕ್ಕೆ ಸ್ವಾರಸ್ಯವೆನಿಸಬಹುದಾದ ಒಂದು ಸಂಗತಿಯಿದೆ. ಆ ಉಪನ್ಯಾಸಗಳು ನಡೆದುದು ಗಿಫರ್ಡ್ ಎಂಬ ಸ್ಕಾಟ್ಲೆಂಡಿನ ನ್ಯಾಯಾಧೀಶರು ತಮ್ಮ ಮರಣಶಾಸನದಲ್ಲಿ ಬರೆದಿಟ್ಟ ದತ್ತಿಯಿಂದ. ಏಕಾಂತದ ಶ್ರದ್ಧೆಯನ್ನು ಎತ್ತಿಹಿಡಿಯುವುದಕ್ಕೂ ಸಭಾಂಗಣ ಬೇಕಾಯಿತು, ವಿಶ್ವವಿದ್ಯಾನಿಲಯ ಬೇಕಾಯಿತು, ದತ್ತಿ ಬೇಕಾಯಿತು.

ಮಠಗಳು ಕಳೆದ ಶತಮಾನದಲ್ಲಿ ಕೈಗೊಂಡ ವಿದ್ಯಾಪ್ರಸಾರವನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಹಾನಗಲ್ಲ ಕುಮಾರಸ್ವಾಮಿಗಳವರು 1904ರಲ್ಲಿ ವೀರಶೈವ ಮಹಾಸಭೆಯನ್ನೂ 1909ರಲ್ಲಿ ಶಿವಯೋಗಮಂದಿರವನ್ನೂ ಸ್ಥಾಪಿಸಿದಾಗ ಸಮಾಜದ ಬಹುಪಾಲು ಮಂದಿಗೆ ಅಕ್ಷರದ ಪರಿಚಯವೇ ಇರಲಿಲ್ಲ. ಹರ್ಡೇಕರ ಮಂಜಪ್ಪನವರು 1913ರಲ್ಲಿ ದಾವಣಗೆರೆಯಲ್ಲಿ ಬಸವಜಯಂತಿಯನ್ನು ಸಾರ್ವಜನಿಕವಾಗಿ ಆಚರಿಸುವವರೆಗೆ ಬಸವಣ್ಣನು ಪುರಾಣದ ಪುರುಷನಾಗಿಯೇ ಉಳಿದಿದ್ದನು. ಮೈಸೂರು ಸೀಮೆಯಲ್ಲಿ ಕಪಿಲೆಯ ದಂಡೆಯ ಸುತ್ತೂರಿನ ಶ್ರೀ ಶಿವರಾತ್ರಿ ರಾಜೇಂದ್ರ ಮಹಾಸ್ವಾಮಿಗಳವರು (1916–1986) 1954ರಲ್ಲಿ ಮಹಾವಿದ್ಯಾಪೀಠವನ್ನು ಸ್ಥಾಪಿಸಿದರು. ನಂಜನಗೂಡು, ತಿರುಮಕೂಡಲು ನರಸೀಪುರ, ಗುಂಡ್ಲುಪೇಟೆ, ಚಾಮರಾಜನಗರದ ಕಡೆಯ ರೈತರ ಮಕ್ಕಳಿಗೆ ಆಗ ಮೈಸೂರೆಂಬುದು ಒಂದು ಪರದೇಶ. ಅಲ್ಲಿ ತಂಗಲು ನೆಂಟರಿಲ್ಲ, ಹೋಟೆಲಿನಲ್ಲಿ ಉಣ್ಣಲು ಕಾಸಿಲ್ಲ. ಅಂಥ ಹುಡುಗನಿಗೆ ಬೇಕಾದುದು ಒಂದು ಚಾಪೆ, ಎರಡು ಹೊತ್ತಿನ ಮುದ್ದೆ, ರಾತ್ರಿ ಓದಲು ಒಂದು ದೀಪ. ಅಂಗೈಯ ಲಿಂಗವನ್ನು ಏಕಾಗ್ರತೆಯಿಂದ ನೋಡಿ ಆತ್ಮಾನಂದವನ್ನು ಪಡೆದ ಮಹನೀಯರು ಎಷ್ಟೋ ಮಂದಿ ಇದ್ದಿರಬಹುದು. ಆದರೆ ಆ ಚಾಪೆಯನ್ನು ಹಾಸಿಕೊಟ್ಟದ್ದು ಮಠ. ಧಾನ್ಯವನ್ನು ಸಂಗ್ರಹಿಸುವುದಕ್ಕೆ, ಅಡುಗೆಭಟ್ಟರನ್ನು ನೇಮಿಸುವುದಕ್ಕೆ, ಲೆಕ್ಕಪತ್ರ ಇಡುವುದಕ್ಕೆ, ಸರ್ಕಾರದ ಅನುದಾನಕ್ಕಾಗಿ ಕಚೇರಿಯಿಂದ ಕಚೇರಿಗೆ ತಿರುಗುವುದಕ್ಕೆ ಸಂಸ್ಥೆಯೇ ಬೇಕು. ತುಮಕೂರಿನ ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳವರು 2019ರ ಜನವರಿ 21ರಂದು ತಮ್ಮ 111ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದಾಗ, ಮಕ್ಕಳ ಮಧ್ಯಾಹ್ನದ ಊಟ ಮುಗಿಯುವವರೆಗೆ ಆ ವಾರ್ತೆಯನ್ನು ಪ್ರಕಟಿಸಲಿಲ್ಲವೆಂದು ಅಂದಿನ ಪತ್ರಿಕೆಗಳು ಬರೆದುವು. ಅದು ಅವರ ಇಚ್ಛೆಯಾಗಿತ್ತಂತೆ. ಆ ಪಂಕ್ತಿಯಲ್ಲಿ ಕುಳಿತಿದ್ದ ಮಕ್ಕಳಲ್ಲಿ ಎಲ್ಲ ಜಾತಿ ಮತಗಳವರೂ ಇದ್ದರು. ಸಂಸ್ಥೆಯೊಂದು ತನ್ನ ಪೀಠಾಧಿಪತಿಯ ಮರಣಕ್ಕಿಂತ ಮಕ್ಕಳ ಊಟವನ್ನು ಮುಂದಿಟ್ಟುಕೊಳ್ಳಬಲ್ಲುದಾದರೆ ಅಲ್ಲಿ ಶ್ರದ್ಧೆಯೂ ಸಂಸ್ಥೆಯೂ ಬೇರೆ ಬೇರೆಯಾಗಿ ಕಾಣುವುದಿಲ್ಲ.

ಆದರೆ ಎಲ್ಲ ದಿನವೂ ಹಾಗಿರುವುದಿಲ್ಲ. ಸಂಸ್ಥೆಯು ಬೆಳೆದಂತೆ ಅದಕ್ಕೆ ತನ್ನದೇ ಆದ ಹಸಿವೆ ಹುಟ್ಟುತ್ತದೆ. ಕಟ್ಟಡವು ಕಟ್ಟಡವನ್ನು ಬೇಡುತ್ತದೆ. ದಾಸೋಹಕ್ಕೆ ಕೊಟ್ಟವನ ಹೆಸರು ಮೊದಲು ರಶೀದಿ ಪುಸ್ತಕದಲ್ಲಿರುತ್ತದೆ, ಆಮೇಲೆ ವಾರ್ಷಿಕ ವರದಿಯಲ್ಲಿ ಬರುತ್ತದೆ, ಕೊನೆಗೆ ಅಮೃತಶಿಲೆಯ ಮೇಲೆ ಏರುತ್ತದೆ. ಕೆಲವು ಕಡೆ ಗೋಡೆಯ ಮೇಲೆ ದೇವರ ಪಟಕ್ಕೆ ಸ್ಥಳ ಸಾಲದಷ್ಟು ಫಲಕಗಳಿವೆ. (ದಾನಿಗಳು ಇದನ್ನು ಅನ್ಯಥಾ ಭಾವಿಸಬಾರದು. ಹೆಸರನ್ನು ಕೆತ್ತಿಸಿರೆಂದು ಕೇಳಿದವರಿಗಿಂತ ಕೇಳದವರೇ ಹೆಚ್ಚು. ಕೆತ್ತಿಸುವ ಉತ್ಸಾಹವು ಬಹುಮಟ್ಟಿಗೆ ಕಾರ್ಯದರ್ಶಿಗಳದು.) ಶಾಲೆಗಳಲ್ಲಿ ವಚನವು ಕಂಠಪಾಠ ಸ್ಪರ್ಧೆಯ ವಸ್ತುವಾಗಿದೆ. ಹುಡುಗಿಯೊಬ್ಬಳು ಹನ್ನೆರಡು ವಚನಗಳನ್ನು ತಡವರಿಸದೆ ಒಪ್ಪಿಸಿ ಸ್ಟೀಲಿನ ತಟ್ಟೆಯೊಂದನ್ನು ಬಹುಮಾನವಾಗಿ ಪಡೆಯುತ್ತಾಳೆ. ಆ ಹನ್ನೆರಡರಲ್ಲಿ ಒಂದು ವಚನವಾದರೂ ಅವಳ ಮನೆಯ ಅಥವಾ ಊರಿನ ಯಾವುದಾದರೊಂದು ರೂಢಿಯನ್ನು ಪ್ರಶ್ನಿಸುತ್ತದೆ ಎಂಬುದನ್ನು ಆಕೆಗೆ ಯಾರೂ ಹೇಳಿರುವುದಿಲ್ಲ. ದೀಕ್ಷೆಯಾದ ಹುಡುಗನ ಲಿಂಗವು ನಗರದ ಕಾಲೇಜು ಸೇರಿದೊಡನೆ ಟ್ರಂಕಿನೊಳಗೆ ಸೇರುತ್ತದೆ. ಮದುವೆಯ ದಿನ ಅದನ್ನು ಹುಡುಕಿ ತೆಗೆಯುತ್ತಾರೆ. ಲಿಂಗವು ಟ್ರಂಕಿನಲ್ಲಿದ್ದರೂ ಒಳಪಂಗಡದ ಹೆಸರು ಮಾತ್ರ ನಾಲಗೆಯ ತುದಿಯಲ್ಲಿಯೇ ಇರುತ್ತದೆ. ಸಂಬಂಧ ಕೂಡಿಸುವಾಗ ಮೊದಲು ಬರುವ ಪ್ರಶ್ನೆ ಅದೇ. ಕಸುಬನ್ನೂ ಕುಲವನ್ನೂ ಕೇಳದೆ ಎಲ್ಲರ ಅಂಗೈಗೆ ಬಂದ ಲಿಂಗವು ಕಾಲಕ್ರಮದಲ್ಲಿ ತಾನೇ ಒಂದು ಕುಲದ ಗುರುತಾಯಿತು. ಇದನ್ನು ಒಪ್ಪಿಕೊಳ್ಳಲು ಸಂಕೋಚವಾಗಬಹುದು. ಆದರೆ ಶಾಲಾ ದಾಖಲಾತಿಯ ಅರ್ಜಿಯನ್ನು ತುಂಬಿಸಿಕೊಳ್ಳುವ ಪ್ರತಿಯೊಬ್ಬ ಉಪಾಧ್ಯಾಯರಿಗೂ ಇದು ತಿಳಿದ ವಿಷಯ.

2017–18ರಲ್ಲಿ ಲಿಂಗಾಯತವು ಸ್ವತಂತ್ರ ಧರ್ಮವೇ ಅಲ್ಲವೇ ಎಂಬ ವಾದವು ನಾಡಿನಾದ್ಯಂತ ಎದ್ದಿತು. ಲಕ್ಷಾಂತರ ಜನ ಸೇರಿದ ಸಮಾವೇಶಗಳು ನಡೆದುವು. ನ್ಯಾಯಮೂರ್ತಿ ನಾಗಮೋಹನದಾಸ್ ಅವರ ನೇತೃತ್ವದ ಸಮಿತಿಯು ವರದಿ ಸಲ್ಲಿಸಿತು. 2018ರ ಮಾರ್ಚಿ 19ರಂದು ರಾಜ್ಯದ ಸಚಿವ ಸಂಪುಟವು ಅದನ್ನು ಒಪ್ಪಿ ಕೇಂದ್ರಕ್ಕೆ ಶಿಫಾರಸು ಮಾಡಲು ನಿರ್ಧರಿಸಿತು. ಕೇಂದ್ರವು ಅದಕ್ಕೆ ಸಮ್ಮತಿಸಲಿಲ್ಲ. ಆ ವಾದದ ಸಾಧಕಬಾಧಕಗಳನ್ನು ಇಲ್ಲಿ ತೂಗಬೇಕಾಗಿಲ್ಲ. ಇತಿಹಾಸದ ಪ್ರಶ್ನೆಯಾಗಿ ಅದು ಗಂಭೀರವಾದುದೇ. ಎರಡೂ ಪಕ್ಷಗಳಲ್ಲಿ ವಿದ್ವಾಂಸರಿದ್ದರು. ಆದರೆ ಆ ದಿನಗಳಲ್ಲಿ ವೇದಿಕೆಯ ಮೇಲೆ ಕೇಳಿಬಂದ ಭಾಷಣಗಳಲ್ಲಿ ಹೆಚ್ಚಿನವು ಗಣತಿಯ ಕಾಲಂ, ಸವಲತ್ತು, ಸಂಖ್ಯೆ ಇವುಗಳ ಸುತ್ತಲೇ ಸುತ್ತುತ್ತಿದ್ದುವು. ಧರ್ಮವು ಹಿಂದುವೋ ಸ್ವತಂತ್ರವೋ ಎಂಬುದನ್ನು ಕಡತಗಳು ನಿರ್ಣಯಿಸಬಲ್ಲುವು. ಹಾಗೆ ನಿರ್ಣಯವಾದ ಮರುದಿನ ಬೆಳಗ್ಗೆ ಟ್ರಂಕಿನ ಲಿಂಗವು ಅಂಗೈಗೆ ಬರುವುದೇ ಎಂಬ ಪ್ರಶ್ನೆಯನ್ನು ಮಾತ್ರ ಯಾವ ಪಕ್ಷವೂ ಕೇಳಲಿಲ್ಲ.

ಕಳಲೆಯಿರುವ ತಾಲ್ಲೂಕಿನಲ್ಲಿಯೇ ಇನ್ನೊಂದು ಊರಿದೆ. ಅದನ್ನು ಹೆಸರಿಸದೆ ಈ ವಿಷಯವನ್ನು ಮುಂದುವರಿಸುವುದು ಪ್ರಾಮಾಣಿಕವಾಗಲಾರದು. ಆ ಊರು ಬದನವಾಳು. ಅಲ್ಲಿಯ ಖಾದಿ ಕೇಂದ್ರಕ್ಕೆ 1927ರಲ್ಲಿ ಗಾಂಧೀಜಿ ಬಂದಿದ್ದರು. ಹಳ್ಳಿಯ ಹೆಂಗಸರು ನೂತ ನೂಲಿನಿಂದ ಆ ಊರಿಗೆ ಕೀರ್ತಿ ಬಂದಿತ್ತು. ಅದೇ ಊರಿನಲ್ಲಿ 1993ರಲ್ಲಿ ಸಿದ್ದೇಶ್ವರ ದೇವಾಲಯದ ಪ್ರವೇಶದ ಪ್ರಶ್ನೆಯು ದಲಿತರಿಗೂ ಲಿಂಗಾಯತರಿಗೂ ನಡುವೆ ವಿರಸವಾಗಿ ಬೆಳೆಯಿತು. ಆ ವರ್ಷದ ಮಾರ್ಚಿಯಲ್ಲಿ ಮೂವರು ದಲಿತರ ಕೊಲೆಯಾಯಿತು. ಹದಿನೇಳು ವರ್ಷಗಳ ಬಳಿಕ, 2010ರಲ್ಲಿ, ನ್ಯಾಯಾಲಯವು ಅಪರಾಧಿಗಳಿಗೆ ಶಿಕ್ಷೆ ವಿಧಿಸಿತು. ಕೊರಳಲ್ಲಿ ಲಿಂಗವನ್ನು ಕಟ್ಟಿಕೊಂಡವನಿಗೆ ಗುಡಿಯ ಬಾಗಿಲು ಏತಕ್ಕೆ ಬೇಕು? ಶರಣರ ತತ್ತ್ವದ ಪ್ರಕಾರ ಅವನಿಗೆ ಸ್ಥಾವರದ ಹಂಗೇ ಇಲ್ಲ. ಹಂಗಿಲ್ಲದ ಗುಡಿಯ ಬಾಗಿಲನ್ನು ಇನ್ನೊಬ್ಬನು ದಾಟಬಾರದೆಂದು ಕಾಯುವುದು ಯಾವ ಧರ್ಮ? ಈ ಪ್ರಶ್ನೆಯನ್ನು ಅಂದು ಗಟ್ಟಿಯಾಗಿ ಕೇಳಬೇಕಾಗಿದ್ದವರು ಬಸವಣ್ಣನ ಹೆಸರಿನಲ್ಲಿ ಸಂಸ್ಥೆಗಳನ್ನು ನಡೆಸುವ ಎಲ್ಲರೂ. ಕೇಳಿದವರ ದನಿ ಸಾಲದಾಯಿತು. ಎರಡು ಕೇರಿಗಳ ನಡುವಣ ದಾರಿಯೊಂದು ಆ ಘಟನೆಯ ತರುವಾಯ ಬಹುಕಾಲ ಬಳಕೆಯಿಲ್ಲದೆ ಬಿದ್ದಿತ್ತು. 2022ರ ಅಕ್ಟೋಬರ್ 2ರಂದು, ಪಾದಯಾತ್ರೆಯೊಂದು ಆ ಊರಿಗೆ ಬಂದ ಸಂದರ್ಭದಲ್ಲಿ, ಆ ದಾರಿಯನ್ನು ಸರಿಪಡಿಸಿ ತೆರೆದರು. ಎರಡೂ ಕೇರಿಯವರು ಒಟ್ಟಿಗೆ ಕುಳಿತು ಉಂಡರು. ಒಂದು ಊರಿನ ಓಣಿಯು ತೆರೆಯುವುದಕ್ಕೆ ಇಪ್ಪತ್ತೊಂಬತ್ತು ವರ್ಷ ಹಿಡಿಯಿತು. ತೆರೆಸಿದ್ದು ರಾಜಕೀಯದವರ ಯಾತ್ರೆ. ಆ ಕೆಲಸವು ಧರ್ಮಸಂಸ್ಥೆಗಳ ಮುಂದಾಳುತನದಿಂದ ಬಹಳ ಮೊದಲೇ ಆಗಬೇಕಾಗಿತ್ತು.

ಇಂತಹುದನ್ನು ಕಂಡವರು ಮತಮಠಗಳ ಸಹವಾಸವೇ ಬೇಡವೆನ್ನುತ್ತಾರೆ. 1974ರಲ್ಲಿ ಕುವೆಂಪು ಅವರು ಮೈಸೂರಿನಲ್ಲಿ ವಿಚಾರಕ್ರಾಂತಿಗೆ ಕರೆ ನೀಡಿದಾಗ ಅಂದಿನ ತರುಣರಲ್ಲಿ ಎಷ್ಟೋ ಮಂದಿ ಅದನ್ನು ತಮ್ಮ ಬಾಳಿನ ದೀಕ್ಷೆಯಾಗಿಯೇ ಸ್ವೀಕರಿಸಿದರು. ಆ ಕರೆಯ ಕಾವು ಇಂದಿಗೂ ಆರಿಲ್ಲ, ಆರಲೂಬಾರದು. ಆದರೆ ಸಂಸ್ಥೆಯನ್ನು ಬಿಟ್ಟು ತನ್ನಷ್ಟಕ್ಕೆ ತಾನು ದೇವರನ್ನು ನೆನೆಯುವವನು ದೋಷಮುಕ್ತನಾದನೆಂದು ತಿಳಿಯುವುದೂ ಸರಿಯಲ್ಲ. ಏಕಾಂತಕ್ಕೂ ಒಂದು ಬಾಗಿಲಿದೆ. ‘ಶೂನ್ಯಸಂಪಾದನೆ’ಯಲ್ಲಿ ಒಂದು ಪ್ರಸಂಗ ಬರುತ್ತದೆ. ಅಲ್ಲಮಪ್ರಭುವು ಸೊನ್ನಲಿಗೆಯ ಸಿದ್ಧರಾಮನನ್ನು ಕರೆದುಕೊಂಡು ಕಲ್ಯಾಣಕ್ಕೆ ಬಂದು ಮಹಾಮನೆಯ ಬಾಗಿಲಲ್ಲಿ ನಿಂತಾಗ ಬಸವಣ್ಣನು ಲಿಂಗಪೂಜೆಯಲ್ಲಿ ಮಗ್ನನಾಗಿದ್ದನು. ತಾನು ಏಳದೆ ಹಡಪದ ಅಪ್ಪಣ್ಣನ ಮೂಲಕ ಕರೆ ಕಳುಹಿದನು. ಪ್ರಭುವು ಒಳಗೆ ಬರಲೊಪ್ಪಲಿಲ್ಲ. ಕೊನೆಗೆ ಬಸವಣ್ಣನೇ ಎದ್ದುಬಂದು ತಪ್ಪೊಪ್ಪಿಕೊಳ್ಳಬೇಕಾಯಿತು. ಇಲ್ಲಿ ತಡೆದು ನಿಲ್ಲಿಸಿದುದು ಪುರೋಹಿತನಲ್ಲ, ಕಾವಲಿನವನಲ್ಲ. ಅಂಗೈಯಲ್ಲಿದ್ದ ಲಿಂಗವೇ, ಆ ಲಿಂಗದ ಮೇಲಿನ ನಿಷ್ಠೆಯೇ. ಇಂತಹ ಕಥೆಯನ್ನು ತಮ್ಮ ಪರಮಾಚಾರ್ಯನನ್ನು ಕುರಿತೇ ಹೇಳಿಕೊಂಡ ಪರಂಪರೆಯ ದಿಟ್ಟತನವು ಸಾಮಾನ್ಯವಾದುದಲ್ಲ. ಇಂದು ನಗರದ ಮನೆಯೊಳಗೆ ಧ್ಯಾನಕ್ಕೆ ಕುಳಿತು, ತಾನು ಯಾವ ಮತಕ್ಕೂ ಸೇರಿದವನಲ್ಲವೆಂದು ನೆಮ್ಮದಿಯಿಂದಿರುವ ವಿದ್ಯಾವಂತನು ಈ ಪ್ರಸಂಗವನ್ನು ಮತ್ತೊಮ್ಮೆ ಓದಬೇಕು. ಅವನ ಮನೆಯ ಗೇಟಿನ ಹೊರಗೂ ಯಾರಾದರೂ ನಿಂತಿರಬಹುದು; ಪಾತ್ರೆ ತೊಳೆಯಲು ಬಂದವಳಿಗೆ ಅವನ ಮನೆಯಲ್ಲಿ ಬೇರೆ ಲೋಟವಿರಬಹುದು.

ಆದುದರಿಂದ ಸಂಸ್ಥೆ ಬೇಕೋ ಶ್ರದ್ಧೆ ಬೇಕೋ ಎಂಬ ವಾದದಲ್ಲಿ ಹುರುಳಿಲ್ಲ. ಎರಡಕ್ಕೂ ಅನ್ವಯಿಸುವ ಪರೀಕ್ಷೆಯೊಂದಿದೆ: ಹೊರಗೆ ಯಾರು ನಿಂತಿದ್ದಾರೆ, ಅವರನ್ನು ಯಾರು ಹೋಗಿ ಕರೆಯುತ್ತಾರೆ? ಈ ಪರೀಕ್ಷೆಯನ್ನು ಪಂಡಿತರು ಗ್ರಂಥಗಳಲ್ಲಿ ಇಟ್ಟಿರುವಂತೆಯೇ ಈ ಸೀಮೆಯ ನಿರಕ್ಷರಿಗಳು ಹಾಡಿನಲ್ಲಿ ಇಟ್ಟಿದ್ದಾರೆ. ಕಂಸಾಳೆಯವರು ಹಾಡುವ ಮಾದೇಶ್ವರನ ಕಥೆಯಲ್ಲಿ ಸುತ್ತೂರು ಮಠಕ್ಕೆ ಬಂದ ಬಾಲಕ ಮಾದಪ್ಪನಿಗೆ ರಾಗಿ ಬೀಸುವ ಕೆಲಸ ಬರುತ್ತದೆ. ಬಂದವನು ಯಾರೆಂದು ಮಠಕ್ಕೆ ತಿಳಿಯುವುದು ಆಮೇಲೆ. ಇದಕ್ಕಿಂತ ಕಟುವಾದುದು ನೀಲಗಾರರು ತಂಬೂರಿ ಹಿಡಿದು ಹಾಡುವ ಮಂಟೇಸ್ವಾಮಿಯ ಕಾವ್ಯದ ಕಲ್ಯಾಣದ ಸಾಲು. ಅಲ್ಲಿ ಬಸವಣ್ಣನ ಕಲ್ಯಾಣದಲ್ಲಿ ಲಕ್ಷದ ತೊಂಬತ್ತಾರು ಸಾವಿರ ಜಂಗಮರಿಗೆ ದಾಸೋಹ ನಡೆಯುತ್ತಿದೆ. ಮಂಟೇಸ್ವಾಮಿಯು ಕುಷ್ಠ ಹತ್ತಿದ ಮೈಯವನಾಗಿ, ಯಾರೂ ಹತ್ತಿರ ಸೇರಿಸದ ನಾರುವ ಭಿಕ್ಷುಕನಾಗಿ ಬಾಗಿಲಿಗೆ ಬರುತ್ತಾನೆ. ವಿಭೂತಿ ರುದ್ರಾಕ್ಷಿಗಳನ್ನು ಧರಿಸಿದ ಜಂಗಮರು ಮೂಗು ಮುಚ್ಚಿಕೊಂಡು ಅವನನ್ನು ಓಡಿಸುತ್ತಾರೆ. ಅವನು ತಿಪ್ಪೆಯಲ್ಲಿ ಬಿದ್ದಿರುತ್ತಾನೆ. ಬಸವಣ್ಣನೂ ನೀಲಮ್ಮನೂ ಮಾತ್ರ ಅವನನ್ನು ಗುರುತಿಸಿ ಅರಸುತ್ತ ಹೋಗುತ್ತಾರೆ. ಈ ಕಥೆಯಲ್ಲಿ ಬಸವಣ್ಣನಿಗೆ ಅಗೌರವವಿಲ್ಲ. ಅವನ ಹೆಸರಿನಲ್ಲಿ ಉಣ್ಣಲು ಸೇರಿದ ಗುಂಪಿನ ಮೇಲೆ ಮಾತ್ರ ದಾಕ್ಷಿಣ್ಯವಿಲ್ಲ. ಹಾಡುವವರು ಹೆಚ್ಚಾಗಿ ದಲಿತ ಸಮುದಾಯಗಳಿಗೆ ಸೇರಿದವರು. ಪುಷ್ಯ ಮಾಸದ ಹುಣ್ಣಿಮೆಗೆ ಕೊಳ್ಳೇಗಾಲದ ಕಡೆಯ ಚಿಕ್ಕಲ್ಲೂರಿನಲ್ಲಿ ಸಿದ್ದಪ್ಪಾಜಿಯ ಜಾತ್ರೆ ನಡೆದಾಗ, ಎಲ್ಲ ಜಾತಿಯವರೂ ಸಾಲಾಗಿ ಕುಳಿತು ಉಣ್ಣುವ ಪಂಕ್ತಿಸೇವೆಯನ್ನು ಅಲ್ಲಿ ಈಗಲೂ ನೋಡಬಹುದು. ಮಠಗಳ ದಾಸೋಹಕ್ಕೆ ಇದು ಪ್ರತಿಸ್ಪರ್ಧಿಯಲ್ಲ; ಅದರ ಮರೆತುಹೋದ ದಾಯಾದಿ.

ಮಠದ ಶಾಲೆಗಳಲ್ಲಿ ಈ ಹಾಡಿಗೆ ಇದುವರೆಗೆ ಹೆಚ್ಚು ಆದರ ದೊರೆತಿಲ್ಲ. ಗ್ರಾಮ್ಯವೆಂದು ಕೆಲವರು, ಮಠಗಳನ್ನು ಹೀಯಾಳಿಸುತ್ತದೆಯೆಂದು ಕೆಲವರು ಹಿಂಜರಿದಿರಬಹುದು. ಆದರೆ ತನ್ನ ಬಾಗಿಲಲ್ಲಿ ನಿಂತು ತನ್ನನ್ನೇ ಪ್ರಶ್ನಿಸುವ ಹಾಡನ್ನು ತನ್ನ ಸಭಾಮಂಟಪದಲ್ಲಿ ಹಾಡಿಸಿ ಕೇಳುವ ಧೈರ್ಯವು ಅಲ್ಲಮನನ್ನು ಶೂನ್ಯಪೀಠದಲ್ಲಿ ಕುಳ್ಳಿರಿಸಿದ ಪರಂಪರೆಗೆ ಇರಬೇಕಾದುದೇ. ವಚನ ಕಂಠಪಾಠ ಸ್ಪರ್ಧೆಯನ್ನು ನಿಲ್ಲಿಸಬೇಕಾಗಿಲ್ಲ. ಬಾಯಿಗೆ ಬಂದ ಮಾತು ಎಂದಾದರೊಂದು ದಿನ ಮನಸ್ಸಿಗೂ ಇಳಿಯಬಹುದು. ಅದರ ಜೊತೆಗೆ ವರ್ಷಕ್ಕೊಂದು ರಾತ್ರಿ ನೀಲಗಾರರ ಮೇಳವೊಂದನ್ನು ಶಾಲೆಗೆ ಕರೆಸಿ ಕಲ್ಯಾಣದ ಸಾಲನ್ನು ಪೂರ್ತಿಯಾಗಿ ಹಾಡಿಸಲಿ. ಪ್ರೌಢಶಾಲೆಯ ಮಕ್ಕಳು ಕೇಳಲಿ. ಮರುದಿನ ಕನ್ನಡದ ತರಗತಿಯಲ್ಲಿ, ಬಾಗಿಲಲ್ಲಿ ಓಡಿಸಿದವರು ಯಾರು, ಅವರು ಏಕೆ ಓಡಿಸಿದರು ಎಂದು ಉಪಾಧ್ಯಾಯರು ಅವರಿಂದಲೇ ಹೇಳಿಸಲಿ. ಬದನವಾಳಿನ ದಾರಿಯ ವಿಷಯವೂ ಅಲ್ಲಿ ಬಂದರೆ ಬರಲಿ. ಹಿರಿಯ ವಿದ್ಯಾರ್ಥಿಗಳ ಸಂಘಕ್ಕೆ ಇದರ ವೆಚ್ಚವು ಭಾರವಾಗಲಾರದು; ಒಂದು ಶಿಲಾಫಲಕದ ಹಣದಲ್ಲಿ ಮೇಳದ ಸಂಭಾವನೆಯೂ ಅಂದಿನ ಊಟವೂ ಸಾಗಬಹುದು. ಚಿಕ್ಕಲ್ಲೂರಿನ ಜಾತ್ರೆ ಕಳೆದ ಮೇಲಿನ ವಾರವು ಇದಕ್ಕೆ ಅನುಕೂಲವಾದ ಸಮಯ, ವಾರ್ಷಿಕ ಪರೀಕ್ಷೆಗಳಿಗೆ ಆಗ ಇನ್ನೂ ಅವಧಿಯಿರುತ್ತದೆ. ಮೇಳದವರೂ ಮಕ್ಕಳೂ ಪೋಷಕರೂ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರುವರೆಂಬುದನ್ನು ಮಾತ್ರ ಆಮಂತ್ರಣ ಪತ್ರಿಕೆಯಲ್ಲಿಯೇ ಅಚ್ಚುಹಾಕಿಸುವುದು ಒಳಿತು.